ತಂತಿ ಬಳೆಯ ರೀಲು

ಮೊದಲು ಬಂದದ್ದು ಶೇಂಗಾ ಎಣ್ಣೆಯ ವಾಸನೆ. ಆದೋನಿಯ ಪೇಟೆಯಲ್ಲಿ ಅದೇನು ಹೊಸದಲ್ಲ; ಗಾಳಿಯಲ್ಲಿ ಹತ್ತಿಯ ಎಳೆ, ಎಣ್ಣೆಯ ಕಮಟು ಎರಡೂ ಇಲ್ಲದ ದಿನ ನಮಗೆ ಊರು ಊರೆನಿಸುವುದಿಲ್ಲ. ಆದರೆ ನಾನು ಆಗ ನಿಂತಿದ್ದುದು ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ. ಗೋಡೆಯಾಚೆ ಯಾರೋ ಹೊಸದಾಗಿ ಗಾಣ ಹಾಕಿದ್ದರು. ಬಿಸಿ ಹಿಂಡಿಯ ವಾಸನೆ ಕಿಟಕಿಯಿಂದ ಒಳಗೆ ಬಂದು, ಗಾಜಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಮೂರು ರೀಲುಗಳ ಸುತ್ತ ನಿಂತುಕೊಂಡಿತು. ಚಾಚಿದ ನನ್ನ ಕೈ ಅಲ್ಲೇ ನಿಂತಿತು. ಶೇಂಗಾ ಎಣ್ಣೆ ಮತ್ತು ಮೀನಿನ ರೀಲು ಒಂದು ಕಡೆ ಸೇರಬಾರದು. ಸೇರಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರುವಷ್ಟು ಈ ಸೀಮೆಯಲ್ಲಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ಹಿಂದೆ ಅವೆರಡನ್ನೂ ಸೇರಿಸಿದವಳು ನಾನೇ.

ಅಂಗಡಿಯವನಿಗೆ ಮೂವತ್ತರ ಮೇಲಿರಬೇಕು, ಒಳ್ಳೆಯ ಮಾತುಗಾರ. ನನ್ನ ನರೆಗೂದಲು ನೋಡಿ, "ಎವರಿಕಮ್ಮಾ, ಮನವಡಿಕಾ?" ಎಂದು ಕೇಳಿದ. ಮೊಮ್ಮಗನಿಗಾ ಅಂತ. "ನನಗಪ್ಪ," ಎಂದೆ. ಅವನು ಕನ್ನಡಕ್ಕೆ ಬಂದ. ಮೊದಲನೆಯ ರೀಲು ದುಂಡಗೆ, ಗಟ್ಟಿಯಾಗಿ, ಕೋಲಿನ ಬೆನ್ನ ಮೇಲೆ ಕೂರುವಂಥದ್ದು. ಈಗ ಎಲ್ಲರೂ ಫೋನಿನಲ್ಲಿ ನೋಡಿ ಇದನ್ನೇ ಕೇಳುತ್ತಾರಂತೆ. ಎರಡನೆಯದಕ್ಕೆ ತಲೆಯ ಮೇಲೊಂದು ಟೋಪಿ, ಹಿಂದೆ ಒಂದು ಗುಂಡಿ. ಗುಂಡಿ ಒತ್ತಿ ಬೀಸಿದರೆ ದಾರ ತಾನೇ ಹೋಗುತ್ತದೆ. "ಲೇಡೀಸಿಗೆ ಇದ ಬೆಸ್ಟ್ ಅಮ್ಮಾ, ಏನೂ ಕಷ್ಟ ಇಲ್ಲ," ಎಂದು ಅದನ್ನು ನನ್ನ ಕಡೆ ಸರಿಸಿದ. ಮೂರನೆಯದು ಕೋಲಿನ ಹೊಟ್ಟೆಗೆ ಜೋತು ಬೀಳುವ ರೀಲು, ಮೂತಿಗೆ ಅಡ್ಡಲಾಗಿ ಬಾಗಿದ ಒಂದು ತಂತಿ. ಆ ತಂತಿಯನ್ನು ಬೆರಳಿನಿಂದ ಎತ್ತಿ ಬಿಟ್ಟೆ. ಕಟ್ ಎಂದಿತು. ಆ ಸದ್ದು ಬಿದ್ದದ್ದೇ ತಡ, ಟೋಪಿ ರೀಲಿನ ಗುಣಗಾನ ನನ್ನ ಕಿವಿಗೆ ಬೀಳಲಿಲ್ಲ. ನಾನು ನಾಗಲದಿನ್ನೆಯ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ.

ಆ ಮನೆ ಈಗ ಇಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುಮನೆಯ ಸೂರಿನಲ್ಲಿ ಒಂದು ಗವಾಕ್ಷಿ. ಮಧ್ಯಾಹ್ನ ಅದರಿಂದ ಬೀಳುವ ಬಿಸಿಲಿನ ತುಂಡು ನೆಲದ ಮೇಲೆ ನಿಧಾನವಾಗಿ ನಡೆದುಹೋಗುವುದನ್ನು ನೋಡುತ್ತ ನಾನು ಬೆಳೆದೆ. ಹಿತ್ತಲ ಬಾಗಿಲು ತೆಗೆದರೆ ಹದಿನಾಲ್ಕು ಮೆಟ್ಟಿಲು, ಅದರ ಕೆಳಗೆ ತುಂಗಭದ್ರೆ. ಬೇಸಿಗೆಯಲ್ಲಿ ಹೊಳೆ ದೂರ ಸರಿದು ಮರಳು ಹಾಸಿಟ್ಟು ಹೋಗುತ್ತಿತ್ತು, ಮಳೆಗಾಲದಲ್ಲಿ ಒಂಬತ್ತನೆಯ ಮೆಟ್ಟಿಲ ತನಕ ಬಂದು ನಿಲ್ಲುತ್ತಿತ್ತು. ಮನೆಯೊಳಗೆ ಒಂದು ಮೂಲೆಯಲ್ಲಿ ಶೇಂಗಾ ಚೀಲ, ಇನ್ನೊಂದು ಮೂಲೆಯಲ್ಲಿ ಹತ್ತಿಯ ಅಂಡಿಗೆ, ಗೂಟಕ್ಕೆ ಬಲೆ. ಈ ಮೂರರ ವಾಸನೆ ಕಲೆಸಿ ಒಂದೇ ವಾಸನೆಯಾಗಿತ್ತು, ಅದನ್ನು ಇವತ್ತಿಗೂ ನಾನು ಬಿಡಿಸಿ ಹೇಳಲಾರೆ. ನನ್ನ ಸ್ಕೂಲಿನ ಪುಸ್ತಕಗಳಿಗೂ ಅದೇ ವಾಸನೆ ಇತ್ತು. ತೆಲುಗು ಮೇಷ್ಟ್ರು ನನ್ನ ಪುಸ್ತಕ ತೆಗೆದುಕೊಂಡಾಗಲೆಲ್ಲ ಮೂಗು ಮುರಿಯುತ್ತಿದ್ದರು, ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು.

ನಮ್ಮ ಅತ್ತೆ ಉರುಕುಂದಮ್ಮ, ಅಪ್ಪನ ಅಕ್ಕ, ಆ ಮನೆಗೆ ತಿರುಗಿ ಬಂದಾಗ ನನಗೆ ಹತ್ತು ವರ್ಷ. ಅವಳನ್ನು ಆಸ್ಪರಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಆಮೇಲೆ ಯಾರ ಮನೆಗೂ ಹೋಗದೆ ಆದೋನಿಯ ಒಂದು ನೂಲಿನ ಗಿರಣಿಗೆ ಸೇರಿ, ಒಂದು ಕೋಣೆ ಬಾಡಿಗೆಗೆ ಹಿಡಿದು, ಹನ್ನೊಂದು ವರ್ಷ ತನ್ನ ಅನ್ನ ತಾನು ಉಂಡಳು. ಹತ್ತಿ ಹಿಂಜುವ ಯಂತ್ರ ಒಂದು ದಿನ ಅವಳ ಬಲಗೈಯ ನಡುವಿನ ಮೂರು ಬೆರಳನ್ನು ತೆಗೆದುಕೊಂಡಿತು. ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದವು. ಬಸ್ಸಿಳಿದು ಬಂದಾಗ ತಲೆಯ ಮೇಲೊಂದು ಗೋಣಿಚೀಲ, ಅದರ ತುಂಬ ಗಿರಣಿಯವರು ಬಿಸಾಡಿದ್ದ ಮರದ ಬಾಬಿನ್ನುಗಳು. ನೂಲು ಸುತ್ತುವ ಆ ಉರುಟು ಮರದ ತುಂಡುಗಳನ್ನು ನೋಡಿ ನಮ್ಮವ್ವ, ಒಲೆಗೆ ಆಗತಾವ ಬಿಡು, ಎಂದಳು. ಅತ್ತೆ ಚೀಲವನ್ನು ಒಲೆಯಿಂದ ದೂರ ಒಯ್ದು ಇಟ್ಟಳು.

ದೊಡ್ಡಪ್ಪ ಅವಳಿಗೆ ಅಣ್ಣ, ನಮ್ಮ ಮನೆಯ ಹಿರಿಯ. ಕೆಟ್ಟವನಲ್ಲ. ಆದರೆ ಯಜಮಾನಿಕೆಯನ್ನು ರುಮಾಲಿನ ಹಾಗೆ ಸದಾ ತಲೆಗೆ ಸುತ್ತಿಕೊಂಡೇ ಇರುತ್ತಿದ್ದ, ಸ್ನಾನಕ್ಕೆ ಹೋದಾಗಲೂ ಬಿಚ್ಚುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಅವನು ಒಂದು ತೀರ್ಮಾನಕ್ಕೆ ಬಂದ. ಅತ್ತೆಯನ್ನು ಆಸ್ಪರಿಗೆ, ಅವಳ ಮೈದುನನ ಮನೆಗೆ ಕಳಿಸಬೇಕು. ಅಲ್ಲಿ ಅವರಿಗೆ ಮನೆ ಕಾಯಲು, ಮಕ್ಕಳನ್ನು ನೋಡಲು ಒಬ್ಬರು ಬೇಕಾಗಿತ್ತು. ಎರಡು ಹೊತ್ತು ರೊಟ್ಟಿ ಹಾಕುತ್ತಾರೆ, ಇನ್ನೇನು ಬೇಕು. ಅತ್ತೆ ಹೇಳಿದ್ದು ಒಂದೇ ಮಾತು: "ಅಲ್ಲಿ ಹೊಳಿ ಇಲ್ಲಣ್ಣ." ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ನಮಗ್ಯಾರಿಗೂ ಆಗಲಿಲ್ಲ. ಹೊಳೆ ಇಲ್ಲದಿದ್ದರೆ ಏನಾಯಿತು, ಬಾವಿ ಇರುತ್ತದಲ್ಲ ಎಂದುಕೊಂಡೆವು. ಮಾರನೆಯ ದಿನ ಬೆಳಿಗ್ಗೆ ಅವಳು ಒಂದು ಬಾಬಿನ್ನಿಗೆ ನೈಲಾನ್ ದಾರ ಸುತ್ತಿ, ಗಾಳ ಕಟ್ಟಿ, ಶೇಂಗಾ ಹಿಂಡಿಯ ಉಂಡೆ ಮಾಡಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಾಗ ಅರ್ಥವಾಯಿತು.

ನಮ್ಮೂರಲ್ಲಿ ಹೆಂಗಸರು ಮೀನು ಮಾರುತ್ತಿದ್ದರು, ಕೊಯ್ಯುತ್ತಿದ್ದರು, ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ಹಿಡಿಯುತ್ತಿರಲಿಲ್ಲ. ಗಾಳ ಗಂಡಸರ ಕೈಯದು ಎಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಹಾಗೇ ನಡೆದಿತ್ತು. ಅತ್ತೆ ಮೆಟ್ಟಿಲ ಮೇಲೆ ಕೂತ ಮೂರನೆಯ ದಿನಕ್ಕೆ ಊರಿನ ಅರ್ಧ ಗಂಡಸರಿಗೆ ಹೊಳೆಯ ಕಡೆ ಏನಾದರೂ ಕೆಲಸ ಬರತೊಡಗಿತು. ಬಾಬಿನ್ನನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ದಾರ ಎಸೆದು, ಮತ್ತೆ ಎಡಗೈಯಿಂದಲೇ ಎಳೆದು ಸುತ್ತುವ ಅವಳ ಕಸರತ್ತು ನೋಡಿ ನಗುತ್ತಿದ್ದರು. ಸಣ್ಣ ಮೀನು ಬರುತ್ತಿದ್ದವು, ದೊಡ್ಡದು ದಾರದೊಂದಿಗೆ ಅವಳ ಅಂಗೈ ಚರ್ಮವನ್ನೂ ಕೊಯ್ದುಕೊಂಡು ಹೋಗುತ್ತಿತ್ತು. ನಮ್ಮಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಯಾರಿಗೂ ಹೇಳದೆ ಆದೋನಿಗೆ ಹೋಗಿ, ಅವಳಿಗಾಗಿ ಒಂದು ರೀಲು ಮತ್ತು ಬಿದಿರ ಕೋಲು ತಂದ. ಅಂಗಡಿಯಲ್ಲಿದ್ದುದರಲ್ಲೇ ಗಟ್ಟಿಯಾದದ್ದು, ದುಂಡನೆಯದು, ಡ್ಯಾಮಿನ ಇಂಜಿನಿಯರುಗಳು ಬಳಸುವಂಥದ್ದು ಎಂದು ಹೆಮ್ಮೆಯಿಂದ ಅವಳ ಮಡಿಲಿಗೆ ಹಾಕಿದ. ಅತ್ತೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅದರ ಹಿಡಿ ಬಲಗಡೆ ಇತ್ತು, ಅದನ್ನು ಎಡಕ್ಕೆ ಹಾಕಲು ಬರುತ್ತಿರಲಿಲ್ಲ. ಇದ್ದ ಎರಡು ಬೆರಳಲ್ಲಿ ಹಿಡಿಯನ್ನು ಹಿಡಿದು ತಿರುಗಿಸಲು ನೋಡಿದಳು, ಜಾರಿತು. ಅಪ್ಪನ ಮುಖ ನೋಡಬೇಕಿತ್ತು. "ಚಲೋ ಐತಪ್ಪ ತಮ್ಮ," ಎಂದಳು ಅವಳು, "ನಾಳಿ ನಾ ಹೋಗಿ ಬದಲಿ ಮಾಡಿಸ್ಕೊಂಡು ಬರತೀನಿ."

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಹೋದಳು. ಅಂಗಡಿ ಒಬ್ಬ ಸಾಬರದು, ಹಗ್ಗ, ಬಲೆ, ಮೊಳೆ, ಗಾಳ, ಹತ್ತಿ ತೂಗುವ ಕೊಕ್ಕೆ, ಎಲ್ಲ ಮಾರುತ್ತಿದ್ದರು. ಬೆಳ್ಳನೆಯ ಗಡ್ಡ, ಮೆತ್ತನೆಯ ಮಾತು, ಆದರೆ ವ್ಯಾಪಾರದಲ್ಲಿ ಕಲ್ಲು. "ಬೇಚಿದ ಮಾಲು ವಾಪಸ್ ತಗಳ್ಳಂಗಿಲ್ಲಮ್ಮ," ಎಂದರು. ಅತ್ತೆ ಜಗಳ ಮಾಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ, ಸರಿಯಾಗಿ ನಡುವೆ, ಕಾಲು ಮಡಚಿ ಕೂತಳು, ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಬರುವವರು ನಮ್ಮನ್ನು ಸುತ್ತಿಕೊಂಡು ಬರಬೇಕು, ಹೋಗುವವರು ದಾಟಿಕೊಂಡು ಹೋಗಬೇಕು. ಯಾರಾದರೂ ಯಾಕಮ್ಮ ಇಲ್ಲಿ ಕೂತೀರಿ ಎಂದರೆ ಅವಳು ಮಾತಾಡದೆ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ತೋರಿಸುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ಹಸಿವೂ ಆಗುತ್ತಿತ್ತು. ಸಾಬರು ಒಮ್ಮೆ ಚಹಾ ಕಳಿಸಿದರು, ಅವಳು ಕುಡಿದು ಲೋಟ ತೊಳೆದು ವಾಪಸು ಕೊಟ್ಟು ಮತ್ತೆ ಅಲ್ಲೇ ಕೂತಳು. ಮಧ್ಯಾಹ್ನದ ನಮಾಜು ಮುಗಿಸಿ ಬಂದವರು ಅವಳನ್ನು ಅಲ್ಲೇ ಕಂಡು ನಕ್ಕುಬಿಟ್ಟರು. ಒಳಗೆ ಕರೆದು ಇದ್ದಬದ್ದ ರೀಲುಗಳನ್ನೆಲ್ಲ ಚಾಪೆಯ ಮೇಲೆ ಸುರಿದರು.

ಅವಳು ರೀಲು ಆರಿಸಿದ ರೀತಿಯನ್ನು ನಾನು ಮರೆತಿಲ್ಲ. ಒಂದೊಂದನ್ನೂ ಎಡಗೈಯಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ಗಿರಣಿಯಲ್ಲಿ ಯಂತ್ರದ ಸದ್ದು ಕೇಳುವವರ ಹಾಗೆ ಕಣ್ಣು ಮುಚ್ಚಿ ಕೇಳಿದಳು. ಕಡೆಗೆ ಒಂದನ್ನು ಎತ್ತಿಕೊಂಡಳು, ಬಣ್ಣ ಹೋದದ್ದು, ಮೂತಿಗೆ ತಂತಿ ಇದ್ದದ್ದು. "ಅದು ಹಲ್ಕಾ ಮಾಲಮ್ಮ, ಆ ದುಂಡನ್ನ ರೀಲಿನ ಮುಂದ ಏನೂ ಅಲ್ಲ," ಎಂದರು ಸಾಬರು. ಅವಳು ಕೇಳಲಿಲ್ಲ. ಅದರ ಹಿಡಿಯನ್ನು ಬಿಚ್ಚಿ ಎಡಗಡೆಗೆ ಹಾಕಬಹುದಿತ್ತು. ಅಷ್ಟೇ ಅಲ್ಲ. ಆ ರೀಲಿಗೆ ಒಂದು ಉದ್ದನೆಯ ಕಾಲು, ಅದನ್ನು ಕೋಲಿಗೆ ಕಟ್ಟಿ, ಕೋಲನ್ನು ಬಲಗೈಯಲ್ಲಿ ಹಿಡಿದಾಗ, ಮೂರು ಬೆರಳು ಹೋದ ಜಾಗದಲ್ಲಿ ಆ ಕಾಲು ಸರಿಯಾಗಿ ಕೂತಿತು. ಹೆಬ್ಬೆರಳು ಮೇಲೆ, ಕಿರುಬೆರಳು ಕೆಳಗೆ, ನಡುವೆ ರೀಲಿನ ಕಾಲು. ಐದು ಬೆರಳಿದ್ದವರಿಗೆ ಅಷ್ಟು ಭದ್ರವಾಗಿ ಕೂರುತ್ತಿರಲಿಲ್ಲ. ಅವಳು ತಂತಿಯನ್ನು ಎತ್ತಿ ಬಿಟ್ಟಳು, ಕಟ್ ಎಂದಿತು. ತನ್ನ ಬರಿಯ ಮಣಿಕಟ್ಟನ್ನು ಒಮ್ಮೆ ನೋಡಿ, "ಇದೂ ಒಂದು ಬಳಿನ ನೋಡು. ಇದನ್ನ ಯಾರು ಒಡೀತಾರ ನೋಡತೀನಿ," ಎಂದಳು. ಸಾಬರು ತಲೆ ತಗ್ಗಿಸಿ ರೀಲನ್ನು ಒರೆಸಿ ಕೊಟ್ಟರು, "ತಗಾ ತಾಯಿ, ನಮ್ಮ ಮೆಟ್ಲ ಬಿಡು," ಎಂದರು.

ಆ ಮಳೆಗಾಲವೆಲ್ಲ ಅವಳು ಮೆಟ್ಟಿಲ ಮೇಲೇ ಇದ್ದಳು. ದಾರ ಎಸೆಯುವುದನ್ನು, ತಂತಿ ಬಳೆಯನ್ನು ಬೀಳಿಸಿ ಸುತ್ತುವುದನ್ನು ಹತ್ತು ದಿನದಲ್ಲಿ ಕಲಿತಳು. ರೀಲಿನ ಮೂತಿಯಲ್ಲಿ ಒಂದು ತಿರುಪು ಇತ್ತು. ಅದನ್ನು ಸಡಿಲ ಇಟ್ಟರೆ ದೊಡ್ಡ ಮೀನು ಎಳೆದಾಗ ದಾರ ಹರಿಯದೆ ಕಿರ್ರ್ ಎಂದು ಬಿಟ್ಟುಕೊಳ್ಳುತ್ತದೆ, ಮೀನು ದಣಿದ ಮೇಲೆ ಸುತ್ತಿಕೊಳ್ಳಬೇಕು. ಅವಳ ಜೀವವೆಲ್ಲ ಆ ತಿರುಪಿನಲ್ಲಿತ್ತು. ಬುಟ್ಟಿಗೆ ಕೆಂಪು ರವು, ಕಟ್ಲ, ಒಮ್ಮೆ ಮೊಳದುದ್ದದ ಕೊರವ ಮೀನು ಬಿದ್ದವು; ನಮ್ಮವ್ವ ಮೆಲ್ಲಗೆ ಅವಳ ಪರವಾದಳು. ದೊಡ್ಡಪ್ಪ ಮಾತ್ರ ಆಗಲಿಲ್ಲ. ಊರಿನವರ ನಗು ಅವನ ರುಮಾಲಿಗೆ ತಾಗಿತ್ತು. ಶೇಂಗಾ ಕೀಳುವ ಕಾಲಕ್ಕೆ ಆಸ್ಪರಿಗೆ ಹೇಳಿಕಳಿಸಿದ. ಅಪ್ಪ ಅಡ್ಡ ಬಂದಾಗ ಒಂದು ಷರತ್ತು ಹಾಕಿದ: "ಆಕಿ ಮೈದುನ ಬರೋ ದಿನ ಆತನ ಗಂಗಾಳಕ್ಕ ಆಕಿ ಗಾಳದ ಮೀನು ಬಿತ್ತಂದ್ರ ಇಲ್ಲೇ ಇರಲಿ. ಬೀಳಲಿಲ್ಲಂದ್ರ ಗಂಟು ಕಟ್ಟಲಿ." ಅತ್ತೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಗಾಳದ ಮೊನೆಯನ್ನು ಕಲ್ಲಿಗೆ ಉಜ್ಜುತ್ತ ಕೂತಿದ್ದಳು.

ಈಗ ನನ್ನ ಪಾಲಿನದನ್ನು ಹೇಳಬೇಕು. ಶನಿವಾರ ಹನುಮಪ್ಪನ ದೀಪಕ್ಕೆ ಎಣ್ಣೆ ಹಾಕುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಶೇಂಗಾ ಎಣ್ಣೆ ಹಾಕದ ವಸ್ತು ಇರಲಿಲ್ಲ: ಬಾಗಿಲ ತಿರುಗಣಿಗೆ, ಕತ್ತರಿಗೆ, ಅವ್ವನ ಹೊಲಿಗೆ ಯಂತ್ರಕ್ಕೆ, ಎತ್ತಿನ ಕೊಂಬಿಗೆ, ನಮ್ಮ ತಲೆಗೆ. ಎಣ್ಣೆ ಎಂದರೆ ಅದೇ. ಆ ರೀಲು ನನಗೆ ಪ್ರಾಣವಾಗಿತ್ತು. ಅತ್ತೆ ಆಸ್ಪರಿಗೆ ಹೋಗಬಾರದು ಎಂದು ಹನುಮಪ್ಪನಿಗೆ ಹೇಳಿಕೊಂಡು, ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ರೀಲಿನ ಮೂತಿಗೆ, ಆ ತಿರುಪಿನ ಒಳಕ್ಕೆ ಹನಿಹನಿಯಾಗಿ ಬಿಡುತ್ತಿದ್ದೆ. ಆಮೇಲೆ ಹತ್ತಿಯ ಅಂಡಿಗೆಯಿಂದ ಒಂದು ಹಿಡಿ ತೆಗೆದು ಅದರಲ್ಲಿ ಸುತ್ತಿಡುತ್ತಿದ್ದೆ. ಬಂಗಾರದ ಓಲೆಯನ್ನು ಹತ್ತಿಯಲ್ಲಿ ಸುತ್ತಿಡುವ ಮನೆ ನಮ್ಮದು, ಇದು ನನಗೆ ಅದಕ್ಕಿಂತ ಹೆಚ್ಚಿನದು. ಅತ್ತೆ ಬೆಳಿಗ್ಗೆ ಹತ್ತಿ ಬಿಡಿಸಿ, ನನ್ನ ಕೆನ್ನೆ ಚಿವುಟಿ, ಹೊಳೆಗೆ ಹೋಗುತ್ತಿದ್ದಳು. ಎಣ್ಣೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮನೆಯ ಎಲ್ಲದಕ್ಕೂ ಆ ವಾಸನೆ ಇದ್ದುದರಿಂದ ರೀಲಿಗೂ ಇರುತ್ತದೆ ಎಂದುಕೊಂಡಿರಬೇಕು. ಎಣ್ಣೆಯೂ ಹತ್ತಿಯ ಎಳೆಯೂ ಹೊಳೆಯ ಮರಳ ಧೂಳೂ ಸೇರಿ ಆ ತಿರುಪಿನೊಳಗೆ ಅಂಟಾಗಿ ಗಟ್ಟಿಯಾಗುತ್ತಿತ್ತು. ನಾನು ಏಳು ಶನಿವಾರ ಹಾಕಿದೆ. ಆ ದಿನಗಳಲ್ಲಿ ದಾರ ಜಗ್ಗುವಂಥ ದೊಡ್ಡ ಮೀನು ಬೀಳದ್ದರಿಂದ ಅದು ಅತ್ತೆಗೆ ತಿಳಿಯಲಿಲ್ಲ.

ಮೈದುನ ಬೆಳಗಿನ ಬಸ್ಸಿಗೆ ಬಂದ. ದಪ್ಪ ಮನುಷ್ಯ, ಬಿಳಿ ಪಂಚೆ, ಆಸ್ಪರಿಯ ಕಡೆಯ ತೆಲುಗು. ಮಧ್ಯಾಹ್ನ ಮೂರರ ಬಸ್ಸಿಗೆ ಹೊರಟರೆ ಎಮ್ಮಿಗನೂರು, ಆದೋನಿ ದಾಟಿ ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದ. ಅತ್ತೆ ಬೆಳಕು ಹರಿಯುವಾಗಲೇ ಮೆಟ್ಟಿಲ ಮೇಲಿದ್ದಳು. ಹನ್ನೊಂದಾದರೂ ಏನೂ ಇಲ್ಲ. ಹನ್ನೆರಡಕ್ಕೆ ಕೋಲು ಬಾಗಿತು. ಬಾಗಿದ್ದು ಹೇಗೆಂದರೆ ತುದಿ ನೀರು ಮುಟ್ಟಿತು. ಅಪ್ಪ, ದೊಡ್ಡಪ್ಪ, ಮೈದುನ, ನಾನು, ಎಲ್ಲ ಹಿತ್ತಲ ಬಾಗಿಲಿಗೆ ಓಡಿದೆವು. ನೀರಿನಲ್ಲಿ ಒಮ್ಮೆ ಬೆಳ್ಳನೆಯ ಉದ್ದನೆಯ ಹೊಟ್ಟೆ ಮಗುಚಿ ಹೋಯಿತು. ಬಾಳೆಮೀನು, ನನ್ನಷ್ಟು ಉದ್ದ. ಅತ್ತೆ ಕಿರ್ರ್ ಸದ್ದಿಗೆ ಕಾದಳು, ನಾವೂ ಕಾದೆವು. ಸದ್ದು ಬರಲಿಲ್ಲ. ಅವಳು ತಿರುಪನ್ನು ಸಡಿಲಿಸಲು ನೋಡಿದಳು, ಅದು ಅಲುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದಳು. ದಾರ ತಂತಿಯಂತೆ ಬಿಗಿದು, ಪಟ್ ಎಂದು ಹರಿಯಿತು. ಅವಳು ಹಿಂದಕ್ಕೆ ಮೆಟ್ಟಿಲ ಮೇಲೆ ಕುಸಿದಳು.

ಅವಳು ರೀಲನ್ನು ಮುಖದ ಹತ್ತಿರ ತಂದು ಮೂಸಿದಳು. ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದಳು. ಒಂದೇ ಸಲ. ಏನಾಯ್ತಕ್ಕ ಎಂದು ಅಪ್ಪ ಕೇಳಿದಾಗ ಅವಳು, "ಎಣ್ಣಿ ಹಾಕಿದ್ದೆ, ತಿರುಪು ಅಂಟಿ ಕುಂತೈತಿ. ತಪ್ಪು ನಂದ," ಎಂದಳು. ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಸುಮ್ಮನೆ ನಿಂತೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಮೈದುನ ನಗುತ್ತ, "ಚೇಯಿ ಒಕಟಿ, ಗಾಳಂ ಒಕಟಿ, ಚೇಪ ಮಾತ್ರಂ ಲೇದು," ಎಂದ. ಕೈ ಒಂದು, ಗಾಳ ಒಂದು, ಮೀನು ಮಾತ್ರ ಇಲ್ಲವಂತೆ. ಅತ್ತಿಗೆಯ ಕಡೆ ತಿರುಗಿ, "ವದಿನಾ, ಗಂಟು ಕಟ್ರಿ, ಮೂರರ ಬಸ್ಸಿಗೆ ಹೋಗಬೇಕು," ಎಂದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಷರತ್ತು ಷರತ್ತೇ ತಂಗಿ, ಎಂದ. ಆಗ ಅತ್ತೆ ಹೇಳಿದ ಮಾತು ನಮ್ಮ ಮನೆಯ ಗೋಡೆಗಳು ಬಿದ್ದ ಮೇಲೂ ಬಿದ್ದಿಲ್ಲ. "ಷರತ್ತು ನೀ ಹಾಕಿದ್ದಿ ಅಣ್ಣ. ನಾ ಒಪ್ಪೀನಿ ಅಂತ ಯಾರು ಹೇಳಿದ್ರು ನಿನಗ? ಮೀನು ಹೋತು. ನಾ ಹೋಗಂಗಿಲ್ಲ."

ಹಾಗೆಂದು ಅವಳು ಕೂತಳು. ಸಾಬರ ಅಂಗಡಿಯ ಮೆಟ್ಟಿಲ ಮೇಲೆ ಕೂತ ಹಾಗೆಯೇ, ನಡುವೆ, ಕಾಲು ಮಡಚಿ. ಕೆಟ್ಟುಹೋದ ರೀಲನ್ನು ಪಕ್ಕಕ್ಕಿಟ್ಟು, ಸೊಂಟದಿಂದ ಗಿರಣಿಯ ಬಾಬಿನ್ನು ತೆಗೆದು, ಹಲ್ಲಿನಿಂದ ಗಾಳ ಕಟ್ಟಿ ಮತ್ತೆ ದಾರ ಎಸೆದಳು. ದೊಡ್ಡಪ್ಪ ಕೂಗಾಡಿದ. ಮೈದುನ ಮೊದಲು ಬುದ್ಧಿ ಹೇಳಿದ, ಆಮೇಲೆ ಗದರಿದ, ಆಮೇಲೆ ಅಪ್ಪನ ಮುಖ ನೋಡಿದ. ಅಪ್ಪ ಹೊಳೆ ನೋಡುತ್ತಿದ್ದ. ಅವಳನ್ನು ಎತ್ತಿ ಒಯ್ಯಲು ಯಾರಿಗೂ ಧೈರ್ಯ ಸಾಲಲಿಲ್ಲ, ಬಲಗೈ ಹಿಡಿದರೆ ಕೈಗೆ ಸಿಗುವುದು ಎರಡೇ ಬೆರಳು. ಮೇಲೆ ರಸ್ತೆಯಲ್ಲಿ ಮೂರರ ಬಸ್ಸು ಹಾರನ್ ಹೊಡೆಯಿತು. ಮೈದುನ ಪಂಚೆ ಎತ್ತಿಕಟ್ಟಿಕೊಂಡು ಓಡಿದ. ಅವನು ಒಬ್ಬನೇ ಓಡಿದ್ದನ್ನು ನಾನು ಕಣ್ಣಾರೆ ಕಂಡೆ, ಈಗಲೂ ನೆನೆದು ನಗುತ್ತೇನೆ. ಸಂಜೆಗೆ ಅವಳ ಬುಟ್ಟಿಯಲ್ಲಿ ಬೆರಳುದ್ದದ ಆರು ಮೀನಿದ್ದವು. ಅವ್ವ ಹುಣಸೆಹುಳಿ ಹಿಂಡಿ ಸಾರು ಮಾಡಿದಳು. ದೊಡ್ಡಪ್ಪ ತಲೆ ಎತ್ತದೆ ಉಂಡ, ಉಂಡು ಮುಗಿಸುವ ಮೊದಲು ಗಂಗಾಳವನ್ನು ಸ್ವಲ್ಪ ಮುಂದಕ್ಕೆ ಸರಿಸಿ, "ಇನ್ನೀಟು ಹಾಕು," ಎಂದ. ಆಸ್ಪರಿಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಮರುದಿನ ಅತ್ತೆ ಮೊರದ ಮೇಲೆ ರೀಲನ್ನು ಬಿಚ್ಚಿದಳು. ಬಿಲ್ಲೆ, ಹಲ್ಲುಗಾಲಿ, ಉಂಗುರ, ಒಂದೊಂದನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟು, ಸೀಮೆಎಣ್ಣೆಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು ಒರೆಸಲು. ತಿರುಪಿನೊಳಗಿನಿಂದ ಕಂದು ಬಣ್ಣದ ಹತ್ತಿಯ ಅಂಟು ಹೊರಬಂತು. ನಾನು ಅಳಲು ಶುರುಮಾಡಿದೆ, ಅತ್ತಿ, ನಾನ ಹಾಕಿದ್ದು, ಎಂದೆ. ಅವಳು ಕೈ ಕೆಲಸ ನಿಲ್ಲಿಸಲಿಲ್ಲ. "ಯಾರು ಹಾಕಿದ್ರು ಅಂತ ನಾ ಕೇಳಿದೆನೇನು? ಸುಮ್ನ ಒರಸು. ಈ ಬಿಲ್ಲಿ ಮೊದಲು, ಆಮ್ಯಾಲ ಇದು. ನೆನಪಿಡು, ನಾಳಿ ನೀನ ಜೋಡಸಬೇಕು." ಆ ದಿನದಿಂದ ಕೋಲು ನನ್ನ ಕೈಗೂ ಬಂತು. ಅವಳ ಹಾಗೆಯೇ ಹಿಡಿಯಲು ಕಲಿತೆ. ಮೂರು ಬೆರಳು ಮಡಚಿಕೊಂಡು, ಹೆಬ್ಬೆರಳು ಮತ್ತು ಕಿರುಬೆರಳಲ್ಲಿ. ಹಾಗೆ ಹಿಡಿಯುವುದು ನಿನಗೆ ಬೇಕಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ನನಗೆ ಬೇರೆ ರೀತಿ ಬರಲೇ ಇಲ್ಲ.

ಅತ್ತೆ ಹೋದದ್ದು ಒಂದು ಬೇಸಿಗೆಯಲ್ಲಿ, ಹೊಳೆ ದೂರ ಸರಿದಿದ್ದಾಗ. ನಾನು ಮದುವೆಯಾಗಿ ಆದೋನಿಯಲ್ಲಿದ್ದೆ. ಅವಳ ಸಾಮಾನಿನಲ್ಲಿ ಏನು ಬೇಕು ಎಂದು ಅಪ್ಪ ಕೇಳಿದಾಗ ರೀಲು ಎಂದೆ. ಎರಡು ವರ್ಷದ ಮೇಲೆ ಹೊಳೆ ಒಂಬತ್ತನೆಯ ಮೆಟ್ಟಿಲನ್ನೂ ಹದಿನಾಲ್ಕನೆಯದನ್ನೂ ದಾಟಿ ಮನೆಯೊಳಗೆ ಬಂತು. ನಮ್ಮವರು ಮಾಳಿಗೆ ಹತ್ತಿ ಬದುಕಿಕೊಂಡರು. ಮಣ್ಣಿನ ಮಾಳಿಗೆ, ನೀರು ಇಳಿದ ಮೇಲೆ ಕುಸಿಯಿತು. ಮೇಲೆ ದಿಬ್ಬದ ಕಡೆ ಕಾಲೊನಿ ಕಟ್ಟಿದರು, ಸಿಮೆಂಟಿನ ಮನೆಗಳು, ಒಂದರಂತೆ ಇನ್ನೊಂದು. ನನ್ನ ತಮ್ಮ ಅಲ್ಲಿದ್ದಾನೆ. ಅಲ್ಲಿ ಏನೂ ಉಳಿದಿಲ್ಲಕ್ಕ, ಹಳೇ ಊರಿಗೆ ಯಾಕ ಹೋಗತಿ, ಹಾವು ಚೇಳು, ಎನ್ನುತ್ತಾನೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಮುಳುಗಿದ ಮನೆಯುಳ್ಳವರಿಗೆ ಈ ಮಾತು ಗೊತ್ತು; ಹೋದದ್ದು ಹೋಯಿತು ಅಂತ ಹೇಳುವವರ ಬಾಯಿ ಎಷ್ಟು ಮೆತ್ತಗಿರುತ್ತದೆ, ಕೇಳಿಸಿಕೊಳ್ಳುವವರಿಗೆ ಎಷ್ಟು ಉರಿಯುತ್ತದೆ ಎಂಬುದೂ ಗೊತ್ತು. ಏನೂ ಉಳಿದಿಲ್ಲ ಎನ್ನಲು ಇವರು ಯಾರು? ಹಿತ್ತಲ ಬಾಗಿಲ ಹೊಸ್ತಿಲ ಕಲ್ಲು ಇದೆ. ಏಳು ಮೆಟ್ಟಿಲು ಇವೆ. ನಾನು ಎಣಿಸಿದ್ದೇನೆ.

ಅತ್ತೆಯ ರೀಲಿನ ಹಲ್ಲು ಈ ಬೇಸಿಗೆಗೆ ಪೂರ್ತಿ ಸವೆದು ನಿಂತಿತು, ಅದಕ್ಕೇ ಅಂಗಡಿಗೆ ಹೋದದ್ದು. ಅಂಗಡಿಯವನು ಅದನ್ನು ಬಿಚ್ಚಿ ನೋಡಿ, ಇದರ ಕಾಲ ಮುಗೀತಮ್ಮ, ಎಂದು ಮರ್ಯಾದೆಯಿಂದಲೇ ಹೇಳಿದ. ಟೋಪಿ ರೀಲನ್ನು ನಾನು ಅವನ ಕಡೆಗೇ ತಳ್ಳಿದೆ. ಏನೂ ಕಷ್ಟ ಇಲ್ಲದ್ದು ನನಗೆ ಬೇಡ. ದುಂಡನೆಯದು ಚೆನ್ನಾಗಿಯೇ ಇತ್ತು, ಅಪ್ಪ ನೋಡಿ ಹಿಗ್ಗುತ್ತಿದ್ದ, ಆದರೆ ಅದರ ಹಿಡಿ ಇವತ್ತಿಗೂ ಬಲಗಡೆಯೇ. ಎಡಗೈಯದು ಬೇರೆ ತರಿಸಬೇಕಂತೆ. ಮೂರನೆಯದನ್ನು ಎತ್ತಿ ಕಿವಿಗೆ ಹಿಡಿದು ತಿರುಗಿಸಿದೆ. ಅವನು ಕಟ್ಟೆಯ ಕೆಳಗಿನಿಂದ ಕೋಲು ತೆಗೆದು ಅದಕ್ಕೆ ರೀಲು ಬಿಗಿದು ನನ್ನ ಕೈಗೆ ಕೊಟ್ಟ. ನನ್ನ ಮಡಚಿದ ಬೆರಳುಗಳನ್ನು ನೋಡಿ, "ಕೈಗೆ ಏನಾರ ಪೆಟ್ಟಾಗೈತೇನಮ್ಮ?" ಎಂದ. "ನನ್ನ ಕೈಗಲ್ಲಪ್ಪ," ಎಂದೆ. ಹೊರಡುವಾಗ ಗ್ರೀಸಿನ ಒಂದು ಸಣ್ಣ ಟ್ಯೂಬು ಕೊಟ್ಟು, ಮನೆಯ ಎಣ್ಣೆ ಮಾತ್ರ ಹಾಕಬೇಡಿ ಎಂದು ಎಚ್ಚರಿಸಿದ. ನಾನು ಅವನ ಮುಖ ನೋಡಿ ನಕ್ಕೆ, ಕಣ್ಣಲ್ಲಿ ಯಾಕೆ ನೀರು ಬಂತೆಂದು ಅವನಿಗೆ ತಿಳಿಯಲಿಲ್ಲ.

ಮಳೆಗೆ ಹೊಳೆ ಮೆಟ್ಟಿಲ ತನಕ ಬಂದ ಮೇಲೆ, ಮೊನ್ನೆ ಅದನ್ನು ತೆಗೆದುಕೊಂಡು ಹಳೇ ಊರಿಗೆ ಹೋಗಿದ್ದೆ. ಜಾಲಿ ಸರಿಸಿ, ಹೊಸ್ತಿಲ ಕಲ್ಲನ್ನು ಸೆರಗಿನಿಂದ ಒರೆಸಿ, ನಡುವೆ ಕಾಲು ಮಡಚಿ ಕೂತೆ. ಅತ್ತೆಯ ಹಳೆಯ ರೀಲನ್ನು ಪಕ್ಕದಲ್ಲಿಟ್ಟುಕೊಂಡಿದ್ದೆ. ಬೆನ್ನ ಹಿಂದೆ ಪಡಸಾಲೆ ಇರಬೇಕಾದಲ್ಲಿ ಎಕ್ಕದ ಗಿಡಗಳು, ಗವಾಕ್ಷಿಯ ಬಿಸಿಲು ಬೀಳುತ್ತಿದ್ದ ಜಾಗದಲ್ಲಿ ಈಗ ಎಲ್ಲ ಕಡೆಯೂ ಬಿಸಿಲು. ಮಧ್ಯಾಹ್ನ ಒಂದು ಮೀನು ಜಗ್ಗಿತು, ಹೊಸ ರೀಲು ಕಿರ್ರ್ ಎಂದು ದಾರ ಬಿಟ್ಟಿತು, ಅವತ್ತು ಈ ಮೆಟ್ಟಿಲ ಮೇಲೆ ಬಾರದೆ ಹೋದ ಆ ಸದ್ದಿಗೆ ನಾನು ಐವತ್ತು ವರ್ಷ ಕಾದಿದ್ದೆ. ಮೆಟ್ಟಿಲ ಹತ್ತಿರ ಬಂದು ಅದು ಗಾಳ ಬಿಡಿಸಿಕೊಂಡು ಹೋಯಿತು. ಕುರಿ ಹೊಡೆದುಕೊಂಡು ಬಂದ ಕಾಲೊನಿಯ ಮುದುಕ ಮೇಲಿನಿಂದ, "ಏನಾರ ಬಿತ್ತೇನಬೇ ಯಕ್ಕ?" ಎಂದು ಕೂಗಿದ. "ಬಿದ್ದಿತ್ತು, ಹೋತು," ಎಂದೆ. "ಹಂಗಾರ ಏಳಬೇ, ನಿನ್ನ ಬಸ್ಸು ಬರೋ ಹೊತ್ತಾತು." ನಾನು ಹೊಸ ಹಿಂಡಿ ಕಟ್ಟಿ, ತಂತಿ ಬಳೆಯನ್ನು ಎತ್ತಿ, ದಾರ ಎಸೆದೆ. ಕಟ್ ಎಂದಿತು. ಮೇಲೆ ರಸ್ತೆಯಲ್ಲಿ ಬಸ್ಸು ಬಂತು, ಒಂದಲ್ಲ ಎರಡು ಸಲ ಹಾರನ್ ಹೊಡೆಯಿತು. ನಾನು ಏಳಲಿಲ್ಲ.